ರಂಗಕ್ಕನ ಸರದಿ

ಹುಳಿಯಾರು
13 ಜುಲೈ 2025, ಭಾನುವಾರ

ಇಂಪನಾಳ ಅಪ್ಪನವರಿಗೆ ಶಿವರುದ್ರಮ್ಮ ಮಾಡುವ ಶರಣು.

ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ಕಾಗದ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಮದುವೆಯಾಗಿ ಮೂವತ್ತು ವರ್ಷವಾಯಿತು, ನಿಮ್ಮ ಹೆಸರನ್ನು ನಾನು ಕೈಯಾರೆ ಬರೆದದ್ದು ಇದು ಎರಡನೇ ಸಲ. ಮೊದಲನೇ ಸಲ ಎಲ್ಲಿ ಬರೆದೆ ಎನ್ನುವುದೂ ಇದರಲ್ಲಿ ಬರುತ್ತದೆ. ಹಾಲ್ಕುರಿಕೆ ತೋಟದ ಜಗಳ ಮತ್ತೆ ಎತ್ತಲು ಬರೆಯುತ್ತಿಲ್ಲ. ಆದ್ದರಿಂದ ಮಡಿಸಿ ಅಂಗಡಿ ಗಲ್ಲಾದ ಕೆಳಗೆ ತಳ್ಳಬೇಡಿ, ಕೊನೆಯವರೆಗೂ ಓದಿ. ಫೋನ್ ಮಾಡಬಹುದಿತ್ತು. ನನ್ನ ನಂಬರ್ ಕಂಡರೆ ನೀವು ಎತ್ತುವುದಿಲ್ಲ. ಎತ್ತಿದರೂ ಇಷ್ಟನ್ನೆಲ್ಲ ನಡುವೆ ನಿಲ್ಲಿಸದೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಹೋದ ಭಾನುವಾರ ಇಂಪನಾ ತುಮಕೂರಿನಿಂದ ನಿಮ್ಮನ್ನು ನೋಡಲು ಬಂದಿದ್ದಳಲ್ಲ, ವಾಪಸ್ಸು ಹೋಗುವಾಗ ಬಸ್ಸಿನಲ್ಲಿ ಕೂತು ನನಗೆ ಫೋನ್ ಮಾಡಿದಳು. “ಅಪ್ಪ ಮುದ್ದೆ ಬಿಟ್ಟಿದ್ದಾರೆ ಕಣಮ್ಮ. ಬರೀ ಗಂಜಿ ಕುಡೀತಾರೆ. ಬಾಯಿ ತೆಗೆಸಿದ್ರೆ ಎರಡು ಬೆರಳು ಹಿಡಿಸಲ್ಲ. ಬಲಗೆನ್ನೆ ಒಳಗೆಲ್ಲಾ ಬೆಳ್ಳಗೆ ಬಿಗಿದುಕೊಂಡಿದೆ, ಮಧ್ಯ ಒಂದು ಹುಣ್ಣಿದೆ. ಸಂಕ್ರಾಂತಿಯಿಂದ ಇದೆಯಂತೆ, ವಾಸಿಯಾಗಿಲ್ಲ” ಎಂದಳು. ತೋರಿಸಿ ಎಂದಿದ್ದಕ್ಕೆ ನೀವು ಏನು ಹೇಳಿದಿರಿ ಎಂಬುದನ್ನೂ ಹೇಳಿದಳು. ಎಲೆಗೆ ಸುಣ್ಣ ಜಾಸ್ತಿಯಾಗಿ ಸುಟ್ಟಿದೆ, ಅಟ್ಟದ ಮೇಲಿನ ಕೊಬ್ಬರಿ ಒಳ್ಳೇ ರೇಟಿಗೆ ಹೋಗಲಿ, ಆಮೇಲೆ ನೋಡಿಕೊಂಡರಾಯಿತು, ಅಲ್ಲವೇ?

ಈ ‘ಆಮೇಲೆ’ ಎನ್ನುವ ಮಾತಿಗಾಗಿಯೇ ಪೆನ್ನು ಹಿಡಿದಿದ್ದೇನೆ.

ನನಗೆ ಕ್ಯಾನ್ಸರ್ ಆಗಿತ್ತು. ಎಡ ಎದೆಯಲ್ಲಿ. ಎರಡೂವರೆ ವರ್ಷದ ಹಿಂದೆ ಅದನ್ನು ತೆಗೆದರು. ನಿಮಗೆ ಹೇಳಕೂಡದೆಂದು ಇಂಪನಾಳಿಂದಲೂ ನನ್ನ ತಂಗಿ ಮಂಗಳಾಳಿಂದಲೂ ಆಣೆ ಹಾಕಿಸಿಕೊಂಡಿದ್ದೆ. ಅವರ ಮೇಲೆ ಸಿಟ್ಟು ಮಾಡಬೇಡಿ.

ನಾನು ಇಲ್ಲಿಗೆ ಬಂದು ಒಂದು ವರ್ಷ ಕಳೆದಿತ್ತು. ಮಂಗಳಾಳ ಅಂಗನವಾಡಿಯ ಪಕ್ಕದಲ್ಲೇ ಆರೋಗ್ಯ ಉಪಕೇಂದ್ರ. ಅಲ್ಲಿ ಮಧುಶ್ರೀ ಎನ್ನುವ ಹುಡುಗಿ ನರ್ಸು. ಮೂವತ್ತು ದಾಟಿದವರಿಗೆಲ್ಲ ಬಿ.ಪಿ., ಶುಗರ್, ಬಾಯಿ, ಎದೆ ನೋಡಿ ತಿಂಗಳಿಗೆ ಇಷ್ಟು ಜನ ಎಂದು ಅವಳು ಮೇಲಕ್ಕೆ ವರದಿ ಕಳಿಸಬೇಕು. ಆ ತಿಂಗಳು ಪಟ್ಟಿಗೆ ಒಂದೆರಡು ಹೆಸರು ಕಮ್ಮಿ ಬಿದ್ದಿತ್ತು. ಮಂಗಳಾ ನನ್ನನ್ನು ಎಬ್ಬಿಸಿಕೊಂಡು ಹೋದಳು. ಪಟ್ಟಿ ತುಂಬಿಸಲು ಹೋದವಳು ನಾನು. ಮಧುಶ್ರೀ ಕೈಯಾಡಿಸುತ್ತಾ ಮಾತಾಡುತ್ತಿದ್ದವಳು ಮಾತು ನಿಲ್ಲಿಸಿದಳು. ಇನ್ನೊಂದು ಸಲ ನೋಡಿದಳು. “ಅಮ್ಮ, ಇದನ್ನ ನಾಳೆನೇ ತುಮಕೂರಲ್ಲಿ ತೋರಿಸಬೇಕು. ಮುಂದಿನ ವಾರ ಅಲ್ಲ, ನಾಳೆ” ಎಂದಳು. ನೋವಿರಲಿಲ್ಲ. ಅವರೆಕಾಳಿನಷ್ಟು ಗಂಟು. ಅದಿರುವುದೇ ನನಗೆ ಗೊತ್ತಿರಲಿಲ್ಲ. ಆ ಹುಡುಗಿಗೆ ಮೂರು ತಿಂಗಳಿಂದ ಸಂಬಳ ಬಂದಿರಲಿಲ್ಲವೆಂದು ನನಗೆ ತಿಳಿದದ್ದು ಬಹಳ ದಿನದ ಮೇಲೆ.

ತುಮಕೂರಿನಲ್ಲಿ ಸೂಜಿ ಹಾಕಿ ನೋಡಿದರು. ಅಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಎಲ್ಲಕ್ಕಿಂತ ಮೊದಲು ಕೇಳಿದ್ದು ರೇಷನ್ ಕಾರ್ಡು. ಕೌಂಟರಿನಲ್ಲಿದ್ದ ಹೆಂಗಸು ಕಂಪ್ಯೂಟರ್ ನೋಡಿ, ನಿಮ್ಮ ಹೆಸರು ತಿಪಟೂರಿನ ಎಪಿಎಲ್ ಕಾರ್ಡಿನಲ್ಲಿದೆ, ಮನೆಯಲ್ಲಿ ತೆರಿಗೆ ಕಟ್ಟುವವರಿದ್ದಾರೆ, ಇದಕ್ಕೆ ಸರ್ಕಾರ ಕೊಡುವುದು ಸ್ವಲ್ಪ, ಉಳಿದದ್ದನ್ನು ನೀವೇ ಹಾಕಿಕೊಳ್ಳಬೇಕು ಎಂದಳು. ಬಿಪಿಎಲ್ ಆಗಿದ್ದರೆ ಆಪರೇಷನ್ನು, ಕೀಮೋ ಎಲ್ಲವೂ ಉಚಿತ. ನಾನು ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಾಕಿ ಬದುಕುತ್ತಿದ್ದೆ. ಕಾಗದದ ಪ್ರಕಾರ ಮಾತ್ರ ತಿಪಟೂರಿನ ಕೊಬ್ಬರಿ ವರ್ತಕರ ಮನೆಯಲ್ಲಿ ಸುಖವಾಗಿದ್ದೆ.

ಕಾಯಿಲೆಯವರಿಗೆ ತುರ್ತಾಗಿ ಬೇರೆ ಕಾರ್ಡು ಕೊಡುತ್ತಾರೆಂದು ಯಾರೋ ಹೇಳಿದರು. ತಾಲ್ಲೂಕು ಕಚೇರಿಯ ಮುಂದೆ ಮರದ ಕೆಳಗೆ ಒಬ್ಬ ಟೈಪ್ ಮಾಡಿಕೊಡುತ್ತಾನೆ. ಅವನು ಕೇಳಿದ: “ಯಜಮಾನ್ರು ಹೊರಗೆ ಹಾಕಿದ್ರೋ, ನೀವೇ ಬಂದ್ರೋ?” ನಾನೇ ಬಂದೆ ಎಂದೆ. “ಹಂಗಂದ್ರೆ ನಿಂತುಹೋಗ್ತದೆ ಕಣಮ್ಮ. ಹೊರಗೆ ಹಾಕವ್ರೆ ಅಂತ ಬರೀಲಾ?” ಎಂದ. ಬರಿಯಪ್ಪ ಎಂದೆ. ಯೋಚನೆ ಮಾಡಲು ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ. ಗಂಡ ಹೊಡೆದು ಬಡಿದು ಬರಿಗೈಲಿ ಹೊರಗೆ ತಳ್ಳಿದನೆಂದು ಅವನು ಟೈಪ್ ಮಾಡಿದ. ಗಂಡನ ಹೆಸರು ಎಂದು ಚುಕ್ಕಿ ಇದ್ದ ಕಡೆ ತೋಂಟದಾರ್ಯ ಎಂದು ನಾನೇ ಬರೆದೆ. ಅದೇ ಮೊದಲನೇ ಸಲ.

ನೀವು ಯಾವತ್ತೂ ನನ್ನ ಮೇಲೆ ಕೈ ಎತ್ತಿದವರಲ್ಲ. ನಾನು ಬಂದದ್ದು ಅಮ್ಮ ನನಗೆ ಕೊಟ್ಟಿದ್ದ ಹಾಲ್ಕುರಿಕೆ ತೋಟವನ್ನು ನೀವು ಮಾರಿದ್ದಕ್ಕೂ ಅಲ್ಲ. ಬ್ಯಾಂಕಿನ ಕಾಗದಗಳ ನಡುವೆ ಕ್ರಯಪತ್ರವನ್ನೂ ಇಟ್ಟು ಸಹಿ ಹಾಕಿಸಿಕೊಂಡಿರಲ್ಲ, ಅದಕ್ಕೆ. ಕೇಳಿದ್ದರೆ ಕೊಡುತ್ತಿದ್ದೆ. ಈ ಮಾತನ್ನು ಮಾತ್ರ ಬರೆದುಬಿಟ್ಟೆ, ಇನ್ನು ಬರೆಯುವುದಿಲ್ಲ. ಹೇಗೂ ನಿಮಗೆ ಹೇಳದೆ ನಾನೂ ನಿಮ್ಮ ಹೆಸರನ್ನು ಕೆಡಿಸಿದ್ದೇನೆ.

ಹದಿನೆಂಟು ದಿನದಲ್ಲಿ ಕಾರ್ಡು ಬಂತು. ಜನವರಿಯಲ್ಲಿ ಆಪರೇಷನ್ ಆಯಿತು. ರಂಗಕ್ಕ ಸಿಕ್ಕಿದ್ದು ಆಗಲೇ.

ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತು ಒಬ್ಬಳು ಬುತ್ತಿ ಬಿಚ್ಚಿದಳು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ವಾಸನೆಗೆ ತಿರುಗಿ ನೋಡಿದೆ. “ಯಾವೂರ್ರಮ್ಮಾ ನಿಮ್ದು?” ಎಂದಳು. ಹುಳಿಯಾರು ಎಂದೆ. ಬೋರನಕಣಿವೆ ದಾರಿಯಲ್ಲಿ ಒಂದು ಗೊಲ್ಲರಹಟ್ಟಿ ಅವಳದು. ನನಗಿಂತ ಆರೇಳು ವರ್ಷ ಚಿಕ್ಕವಳು. ಗಂಡ ಗೊಲ್ಲರಪ್ಪ, ಎಪ್ಪತ್ತು ಎಂಬತ್ತು ಕುರಿ. ಕುರಿ ಬಿಟ್ಟು ಬರಲಾಗದೆ ಅವನು ಅವಳನ್ನು ಒಂದು ಸಲ ತಂದು ಬಿಟ್ಟು, ದಾರಿ ತೋರಿಸಿ ಹೋಗಿದ್ದ. ರೊಟ್ಟಿ ಅರ್ಧ ಮುರಿದು ಕೊಡಲು ಹೋದವಳು ಕೈ ಹಿಂದಕ್ಕೆ ತೆಗೆದುಕೊಂಡು, “ನೀವು ತಿಂತೀರೋ ಇಲ್ವೋ” ಎಂದಳು. ಕಿತ್ತುಕೊಂಡು ತಿಂದೆ. ನಾಲ್ಕು ದಿನದಿಂದ ಆಸ್ಪತ್ರೆಯ ಅನ್ನ ಉಂಡು ಸಾಕಾಗಿತ್ತು.

ಅವಳ ಗಂಟು ಕೋಳಿಮೊಟ್ಟೆಯಷ್ಟಾಗಿತ್ತು. “ಟಗರು ಗುದ್ದಿದ್ದು ಅಂದ್ಕಂಡಿದ್ದೆ ಅಕ್ಕಾ. ಅದು ಗುದ್ದಿದ್ದೂ ನಿಜವೇಯಾ” ಎಂದಳು. ಹತ್ತು ಹನ್ನೊಂದು ತಿಂಗಳು ಹಾಗೇ ಇಟ್ಟುಕೊಂಡಿದ್ದಳು. ನಿಮ್ಮ ಹಟ್ಟಿ ಕಡೆ ನರ್ಸು ಬರುವುದಿಲ್ಲವೇ ಎಂದು ಕೇಳಿದೆ. ಅವರ ಉಪಕೇಂದ್ರಕ್ಕೆ ಹೊಸದಾಗಿ ಬಣ್ಣ ಹೊಡೆದು, ಗೋಡೆಯ ಮೇಲೆ ಚಿತ್ರ ಬರೆಸಿದ್ದರಂತೆ. ಅಲ್ಲಿದ್ದ ಹುಡುಗಿ ಗುತ್ತಿಗೆಯವಳು. ಸಂಬಳ ಸರಿಯಾಗಿ ಬರದೆ ಕೆಲಸ ಬಿಟ್ಟುಹೋದ ಮೇಲೆ ಒಂದೂವರೆ ವರ್ಷ ಆ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಬೀಗ ಜಡಿದಿತ್ತು. ನನ್ನ ಉಪಕೇಂದ್ರಕ್ಕೂ ಅವಳ ಉಪಕೇಂದ್ರಕ್ಕೂ ಹದಿಮೂರು ಕಿಲೋಮೀಟರ್. ನನ್ನದು ಎರಡನೇ ಹಂತ ಎಂದರು, ಅವಳದು ಮೂರನೇದು.

ಅಲ್ಲಿಂದ ಆರು ತಿಂಗಳು ಕೀಮೋಗೆಂದು ಜೊತೆಯಲ್ಲೇ ಓಡಾಡಿದೆವು. ಅವಳು ಬೆಳಿಗ್ಗೆ ಹಟ್ಟಿಯಿಂದ ಆಟೋ ಹಿಡಿದು ಹುಳಿಯಾರಿಗೆ ಬರುವಳು. ಇಬ್ಬರೂ ಬಸ್ಸಿನಲ್ಲಿ ತಿಪಟೂರು, ಅಲ್ಲಿಂದ ರೈಲು. ತಿಪಟೂರು ಸ್ಟೇಷನ್ನಿಗೆ ಬಂದಾಗಲೆಲ್ಲ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದೆ, ಕೊಬ್ಬರಿ ಮಂಡಿಯವರು ಯಾರಾದರೂ ನೋಡಿಯಾರೆಂದು. ನನ್ನ ಕೂದಲು ಮೊದಲು ಉದುರಿತು. ಅವಳದು ಉದುರಿದಾಗ, “ಕುರಿ ಉಣ್ಣೆ ಕತ್ತರ್ಸಿದಂಗಾಯ್ತು ನೋಡಿ” ಎಂದು ತಲೆ ಸವರಿಕೊಂಡು ನಕ್ಕಳು. ಮೊದಮೊದಲು ಅಮ್ಮಾವ್ರೇ ಎನ್ನುತ್ತಿದ್ದವಳು ಅಕ್ಕಾ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಳು. ಓದು ಬರಹ ಬಾರದು. ಚೀಟಿಗಳನ್ನೆಲ್ಲ ನನ್ನ ಕೈಗೆ ಕೊಟ್ಟುಬಿಡುವಳು. ಯಾವ ಕೋಣೆ, ಯಾವ ಮಾತ್ರೆ, ಯಾವ ತಾರೀಕು, ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೆ. ಆಸ್ಪತ್ರೆಯಲ್ಲಿ ಎರಡನೇ ಫೋನ್ ನಂಬರ್ ಕೇಳಿದಾಗ, “ನಮ್ಮೆಜಮಾನ ಕುರಿ ಹಿಂದೆ ಹೋದ್ರೆ ಸಿಕ್ಕಕ್ಕಿಲ್ಲ, ನಿಮ್ದು ಬರ್ಸಿ ಅಕ್ಕಾ” ಎಂದಳು. ನನ್ನ ನಂಬರ್ ಬರೆಸಿದೆ.

ಆ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ರೈಲು ಬಿಟ್ಟು ಬಸ್ಸಿಗೆ ಬಂದೆವು. “ಬಸ್ಸೂ ಬಿಟ್ಟಿ, ಔಷ್ದಿನೂ ಬಿಟ್ಟಿ, ಇನ್ನು ವಾಸಿಯಾಗ್ದೆ ಇರಕ್ಕೇನು” ಎಂದಳು ರಂಗಕ್ಕ.

ಜುಲೈನಲ್ಲಿ ಇಬ್ಬರಿಗೂ ರೇಡಿಯೇಷನ್ ಬರೆದರು, ರಂಗಕ್ಕನ ಬಾಯಲ್ಲಿ ಅದು ಕರೆಂಟು. ಐದು ವಾರ, ದಿನಾ ಹೋಗಬೇಕು. ಮಷೀನುಗಳು ಕೆಲವೇ. ನಮ್ಮಂಥವರು ರಾಜ್ಯದ ಎಲ್ಲ ಕಡೆಯಿಂದಲೂ ಬಂದು ಕೂತಿದ್ದರು. ಕೌಂಟರಿನಲ್ಲಿ ಇಬ್ಬರಿಗೂ ಸೆಪ್ಟೆಂಬರ್ ಕೊನೆಗೆ ಸರದಿ ಕೊಟ್ಟರು, ದಿನ ಹತ್ತಿರ ಬಂದಾಗ ಫೋನ್ ಮಾಡುತ್ತೇವೆ ಎಂದರು. ಅವತ್ತು ಇಂಪನಾ ಜೊತೆಯಲ್ಲಿದ್ದಳು. ಅವಳು ಒಳಗೆ ಹೋಗಿ ಡಾಕ್ಟರನ್ನು ಕೇಳಿದಳು. ಚಿಕ್ಕ ವಯಸ್ಸಿನ ಡಾಕ್ಟರು, ಬೆಳಗಿನಿಂದ ಏನೂ ತಿಂದಿರದ ಮುಖ. “ಅಷ್ಟು ದಿನ ಕಾಯೋದು ಒಳ್ಳೇದಲ್ಲ. ನಾವು ಏನು ಮಾಡೋಣ ಹೇಳಿ, ಇರೋ ಮಷೀನಿನಲ್ಲಿ ರಾತ್ರಿ ಹತ್ತರವರೆಗೆ ಕೊಡ್ತಿದೀವಿ. ನಿಮಗೆ ಶಕ್ತಿ ಇದ್ದರೆ ಹೊರಗೆ ಮಾಡಿಸಿ” ಎಂದರು. ರಂಗಕ್ಕ ಹೊರಗೆ ಬೆಂಚಿನ ಮೇಲಿದ್ದಳು. ಅವಳಿಗೆ ಇದು ಕೇಳಿಸಲಿಲ್ಲ. ನಾನೂ ಹೇಳಲಿಲ್ಲ.

ಅಮ್ಮನ ಎರಡೆಳೆ ಸರ ಮಾರಿದೆವು. ಕಾರ್ಡಿಗೆ ಅರ್ಜಿ ಹಾಕುವಾಗ ಆ ಸರವನ್ನೂ ನಾನು ತೋರಿಸಿರಲಿಲ್ಲ, ಅದೂ ನಿಮಗೆ ಗೊತ್ತಿರಲಿ. ಖಾಸಗಿ ಆಸ್ಪತ್ರೆಯಲ್ಲಿ ಹತ್ತು ದಿನದೊಳಗೆ ಶುರು ಮಾಡಿದರು. ಅಲ್ಲಿ ಸಾಲೇ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಒಂಬತ್ತೂವರೆಗೆ ಆಚೆ. ಐದು ವಾರ ಇಂಪನಾಳ ಗೆಳತಿಯ ಮನೆಯಲ್ಲಿದ್ದೆ. ರಂಗಕ್ಕನಿಗೆ ನೆಂಟರ ಮನೆಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿದ್ದೆ.

ಆಗಸ್ಟ್ ಕೊನೆಯಲ್ಲಿ ಹುಳಿಯಾರಿಗೆ ಬಂದೆ. ಸಂತೆಯ ದಿನ ಅವಳು ಎದುರಿಗೆ ಸಿಕ್ಕಳು. ರೇಡಿಯೇಷನ್ ಕೊಟ್ಟ ಕಡೆ ಚರ್ಮ ಸುಟ್ಟಂತೆ ಕಪ್ಪಾಗುತ್ತದೆ, ಕತ್ತಿನವರೆಗೂ ಬಂದಿತ್ತು. ಅವಳ ಕಣ್ಣು ನೇರ ಅಲ್ಲಿಗೇ ಹೋಯಿತು. “ನಿಮ್ಗೆ ಆಗೋಯ್ತಾ ಅಕ್ಕಾ?” ಎಂದಳು. ನನ್ನ ಸರದಿ ಮುಂಚೆಯೇ ಬಂತು ಎಂದೆ. ಅವಳಿಗೆ ಅನುಮಾನವೇ ಬರಲಿಲ್ಲ. ಸಂತೋಷಪಟ್ಟಳು. “ನೀವು ಮಾತಾಡಕ್ಕೆ ಗೊತ್ತಿರೋರು. ನಂದೂ ಒಸಿ ಮುಂದಕ್ಕೆ ಹಾಕ್ತಾರಾ ಕೇಳಿ ನೋಡಿ” ಎಂದಳು. ಕೇಳುತ್ತೇನೆ ಎಂದೆ. ಯಾರನ್ನು ಕೇಳುವುದು? ಕೇಳಲಿಲ್ಲ. ಅವಳ ಮುಖ ನೋಡಲಾಗದೆ ಅದಾದ ಮೇಲೆ ಎರಡು ಸಂತೆ ನಾನು ಮನೆಯಿಂದ ಹೊರಗೇ ಬರಲಿಲ್ಲ.

ಇನ್ನು ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ. ಮಂಗಳಾಳಿಗೂ ಇಲ್ಲ.

ಸೆಪ್ಟೆಂಬರ್ ಇಪ್ಪತ್ತಾರು. ಮಧ್ಯಾಹ್ನ ಹೊಲಿಗೆ ಮಿಷನ್ ಮುಂದೆ ಕೂತು ಬ್ಲೌಸ್ ಹೊಲಿಯುತ್ತಿದ್ದಾಗ ಫೋನ್ ಬಂತು. ದೊಡ್ಡಾಸ್ಪತ್ರೆ ಎಂದು ನಂಬರ್ ಸೇವ್ ಮಾಡಿದ್ದೆ, ಅದೇ ಹೆಸರು ತೋರಿಸಿತು. ನನ್ನ ಸರದಿ ಬಂದಿದೆ, ಬೇರೆ ಕಡೆ ಮಾಡಿಸಿಕೊಂಡು ಹೇಳಲೂ ಇಲ್ಲವಲ್ಲ, ಈಗ ಬೈಯುತ್ತಾರೆ, ಕಾರ್ಡು ಇಟ್ಟುಕೊಂಡು ಹೊರಗೆ ದುಡ್ಡು ಎಲ್ಲಿಂದ ಕಟ್ಟಿದಿರಿ ಎಂದು ಕೇಳುತ್ತಾರೆ ಎಂದುಕೊಂಡೆ. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಬಂತು. ಫೋನನ್ನು ಬಟ್ಟೆಯ ಕೆಳಗೆ ಇಟ್ಟು ತೋಳು ಕೂಡಿಸುವುದನ್ನು ಮುಗಿಸಿದೆ.

ಅದು ನನ್ನ ಸರದಿಯಲ್ಲ, ರಂಗಕ್ಕನದು. ಗೊಲ್ಲರಪ್ಪನ ಫೋನಿಗೆ ಎರಡು ಸಲ ಮಾಡಿ, ಸಿಗದೆ ನನಗೆ ಮಾಡಿದ್ದರು. ಅವನು ಅವತ್ತು ಕುರಿ ಹೊಡೆದುಕೊಂಡು ಬೋರನಕಣಿವೆಯ ಹಿನ್ನೀರಿನ ಆಚೆಗೆ ಹೋಗಿದ್ದ. ನಾಲ್ಕು ಸಲ ಮಾಡಿ ಆ ಜಾಗವನ್ನು ಮುಂದಿನವರಿಗೆ ಕೊಟ್ಟರು. ಅವರದೂ ತಪ್ಪಲ್ಲ. ಮುಂದಿನವರೂ ಕಾಯುತ್ತಿದ್ದವರೇ. ಅಕ್ಟೋಬರ್‌ನಲ್ಲಿ ರಂಗಕ್ಕ ತಾನೇ ವಿಚಾರಿಸಲು ಹೋದಾಗ ಡಿಸೆಂಬರ್‌ಗೆ ಬರೆದುಕೊಟ್ಟರು. ಇಪ್ಪತ್ತಾರರಂದು ನಾಲ್ಕು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ ಎಂದರಂತೆ, ಅವಳು ಬಂದು ಅದನ್ನು ಹೇಳಿದಾಗಲೇ ನನಗೆ ಗೊತ್ತಾದದ್ದು. ಅವಳು ನನ್ನನ್ನು ಏನೂ ಕೇಳಲಿಲ್ಲ. ನನ್ನ ನಂಬರನ್ನೂ ಬರೆಸಿದ್ದು ಅವಳಿಗೆ ಮರೆತೇಹೋಗಿತ್ತೋ ಏನೋ.

ಡಿಸೆಂಬರ್ ಹೊತ್ತಿಗೆ ಅವಳಿಗೆ ಬೆನ್ನುನೋವು ಶುರುವಾಗಿತ್ತು. ಕುರಿಮರಿ ಎತ್ತಿ ಎತ್ತಿ ಹಿಡಿದುಕೊಂಡಿದೆ ಎಂದುಕೊಂಡಿದ್ದಳು. ಸ್ಕ್ಯಾನ್ ಮಾಡಿದರು. ಮೂಳೆಗೆ ಬಂದಿತ್ತು, ಶ್ವಾಸಕೋಶಕ್ಕೂ. ಇನ್ನು ನೋವಿಗೆ ಮಾತ್ರ ಔಷಧಿ ಎಂದು ಕಳಿಸಿದರು.

ಫೆಬ್ರವರಿಯಲ್ಲಿ ಹಟ್ಟಿಗೆ ಹೋಗಿ ನೋಡಿಬಂದೆ. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಮಲಗಿದ್ದಳು. ನೋವಿನ ಮಾತ್ರೆಯನ್ನು ಮಧುಶ್ರೀ ತನ್ನ ವ್ಯಾಪ್ತಿಯಲ್ಲದಿದ್ದರೂ ಬರೆಸಿಕೊಂಡು ತಂದುಕೊಡುತ್ತಿದ್ದಳು. ಅವರ ಉಪಕೇಂದ್ರದ ಬೀಗ ಹಾಗೇ ಇತ್ತು. ರಂಗಕ್ಕ ಮೊದಲು ಕೇಳಿದ್ದು ನನ್ನ ವಿಚಾರವನ್ನು, ಕೂದಲು ಎಷ್ಟುದ್ದ ಬಂತೆಂದು ನೋಡಲು ಸೆರಗು ತೆಗೆಸಿದಳು. “ನಿಮ್ದು ಚೆನ್ನಾಗಾಯ್ತಲ್ಲ ಅಕ್ಕಾ. ನಂದೂ ಆ ಕರೆಂಟ್ ಕೊಡ್ಸಿದ್ರೆ ಆಗೋದೇನೋ. ಸರದಿ ಬರ್ಲಿಲ್ಲ” ಎಂದಳು. ಅವಳ ಮಾತಿನಲ್ಲಿ ಬೇಜಾರಿರಲಿಲ್ಲ. ಬಸ್ಸು ತಪ್ಪಿಹೋಯಿತು ಎನ್ನುವಂತೆ ಹೇಳಿದಳು. ನಾನು ಕೈ ಹಿಡಿದುಕೊಂಡು ಕೂತಿದ್ದೆ.

ಹೊರಡುವಾಗ ಗೊಲ್ಲರಪ್ಪ ಬೇಲಿಯವರೆಗೆ ಬಂದ. “ನಾನು ಅವತ್ತು ಸಿಗ್ನಲ್ ಇರೋ ಕಡೆ ಇದ್ದಿದ್ರೆ ಆಗೋದು ಕಣಕ್ಕಾ. ನಾನೇ ಸಾಯ್ಸಿದಂಗಾಯ್ತು” ಎಂದ. ಹಾಗೆಲ್ಲ ಅನ್ನಬೇಡಪ್ಪ ಎಂದೆ. ಬೇರೇನೂ ಹೇಳಲಿಲ್ಲ. ಶಿವರಾತ್ರಿಗೆ ಇನ್ನೂ ಹದಿನೈದು ದಿನವಿರುವಾಗ ರಂಗಕ್ಕ ಹೋದಳು. ನಲವತ್ತೆಂಟು ವಯಸ್ಸು.

ನನ್ನ ತಪ್ಪು ಎಷ್ಟು, ಆ ಸಾಲಿನ ತಪ್ಪು ಎಷ್ಟು ಎಂದು ನಾನು ಬಹಳ ಸಲ ಭಾಗ ಮಾಡಿ ನೋಡಿದ್ದೇನೆ. ಮಷೀನು ಇನ್ನೊಂದೆರಡಿದ್ದರೆ ಒಂದು ಫೋನ್ ತಪ್ಪಿದ್ದಕ್ಕೆ ಎರಡೂವರೆ ತಿಂಗಳು ಹೋಗುತ್ತಿರಲಿಲ್ಲ. ಅವರ ಹಟ್ಟಿಯಲ್ಲಿ ಒಬ್ಬ ನರ್ಸು ಇದ್ದಿದ್ದರೆ ಗಂಟು ಅವರೆಕಾಳಿನಷ್ಟಿದ್ದಾಗಲೇ ಸಿಗುತ್ತಿತ್ತು. ಅವಳಿಗೂ ಒಂದು ಸರ ಇದ್ದಿದ್ದರೆ ಸರದಿಯೇ ಬೇಕಿರಲಿಲ್ಲ. ಇಷ್ಟೆಲ್ಲ ನಿಜ. ಆದರೆ ಫೋನ್ ಇದ್ದದ್ದು ನನ್ನ ಕೈಯಲ್ಲಿ. ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡು ಅವಳಿಗೆ ಹೇಳದೇ ಇದ್ದವಳೂ ನಾನೇ. ಹೇಳಿದ್ದರೆ ಗೊಲ್ಲರಪ್ಪ ಅರ್ಧ ಕುರಿ ಮಾರಿಯಾದರೂ ಮಾಡಿಸುತ್ತಿದ್ದನೇನೋ. ಅದನ್ನು ತೀರ್ಮಾನ ಮಾಡಬೇಕಾದವರು ಅವರು, ನಾನಲ್ಲ.

ನಿಮಗೆ ಹೇಳಬೇಕಾದದ್ದು ಇನ್ನೂ ಒಂದಿದೆ. ಹೋದ ವರ್ಷ ಬೇಸಿಗೆಯಲ್ಲಿ ಕಾರ್ಡುಗಳನ್ನು ಮತ್ತೆ ಪರಿಶೀಲನೆ ಮಾಡಿದರು. ನನ್ನನ್ನೂ ಕರೆಸಿದ್ದರು. ಗುಮಾಸ್ತ ನನ್ನ ಫೈಲು ತೆಗೆದು ಮೇಜಿನ ಮೇಲಿಟ್ಟು, ಯಾರೋ ಕರೆದರೆಂದು ಎದ್ದುಹೋದ. ಅದರಲ್ಲಿ ಸ್ಥಳ ಪರಿಶೀಲನೆಯ ಹಾಳೆ ಇತ್ತು. ನನ್ನ ಅರ್ಜಿ ನಿಜವೋ ಸುಳ್ಳೋ ನೋಡಲು ಆಹಾರ ಇಲಾಖೆಯವರು ತಿಪಟೂರಿಗೆ, ನಮ್ಮ ಮನೆಗೇ ಬಂದಿದ್ದರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೆಳಗೆ ನಿಮ್ಮ ಹೇಳಿಕೆ, ನಿಮ್ಮದೇ ಅಕ್ಷರ: “ಸದರಿ ಶಿವರುದ್ರಮ್ಮನನ್ನು ನಾನೇ ಮನೆಯಿಂದ ಹೊರಗೆ ಹಾಕಿರುತ್ತೇನೆ. ಆಕೆಗೆ ನನ್ನಿಂದ ಯಾವುದೇ ಜೀವನಾಂಶ ಇರುವುದಿಲ್ಲ. ಆಕೆಯ ಹೆಸರನ್ನು ನನ್ನ ಪಡಿತರ ಚೀಟಿಯಿಂದ ತೆಗೆಯಲು ನನ್ನ ಅಭ್ಯಂತರ ಇರುವುದಿಲ್ಲ.” ಸಾಕ್ಷಿಗೆ ಪಕ್ಕದಂಗಡಿಯ ಇಬ್ಬರ ಸಹಿ.

ಅವರ ಮುಂದೆ ನೀವು ಹಾಗೆ ಬರೆದುಕೊಟ್ಟಿರಿ. ಹೆಂಡತಿಯನ್ನು ಹೊಡೆದು ಓಡಿಸಿದವನು ಎಂದು ಮಂಡಿಯಲ್ಲೆಲ್ಲ ಮಾತಾಯಿತಂತೆ, ಇಂಪನಾ ಆಮೇಲೆ ಹೇಳಿದಳು. ನನ್ನ ಅರ್ಜಿಯ ತಲೆಯ ಮೇಲೆ ‘ವೈದ್ಯಕೀಯ ತುರ್ತು’ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು, ವಿಚಾರಣೆಗೆ ಬಂದವರು ಅದನ್ನು ನಿಮಗೆ ತೋರಿಸಿರುತ್ತಾರೆ. ಕಾಗದವನ್ನು ಪೂರ್ತಿ ಓದದೆ ಸಹಿ ಹಾಕುವವರು ನೀವಲ್ಲ. ಆದ್ದರಿಂದ ನನಗೆ ಏನೋ ಆಗಿದೆ ಎಂದು ನಿಮಗೆ ಆಗಲೇ ಗೊತ್ತಿತ್ತು ಎಂದು ನಾನು ತಿಳಿದಿದ್ದೇನೆ. ಕೇಳಲು ಬರಲಿಲ್ಲವಲ್ಲ ಎಂದು ಮೊದಲು ಕೋಪ ಬಂತು. ಬಂದಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ, ಅದೂ ನಿಮಗೆ ಗೊತ್ತಿದ್ದಿರಬಹುದು. ಒಂದು ವರ್ಷದಿಂದ ಇದನ್ನು ಹೇಗೆ ಹೇಳಲಿ ಎಂದು ನೋಡುತ್ತಿದ್ದೆ. ನೀವು ಹಾಗೆ ಬರೆದುಕೊಟ್ಟದ್ದರಿಂದ ನನ್ನ ಆಪರೇಷನ್ ಆಯಿತು. ಇಷ್ಟೇ ನನಗೆ ಬರೆಯಲು ಬರುವುದು.

ಈಗ ನಿಮ್ಮ ವಿಚಾರ. ನಿಮಗೆ ಯಾರೂ ಹೇಳಿಲ್ಲ ಎನ್ನುವ ಹಾಗಿಲ್ಲ, ನಾನು ಹೇಳುತ್ತಿದ್ದೇನೆ. ಆರು ತಿಂಗಳಿಂದ ಮಾಯದ ಹುಣ್ಣು ಸುಣ್ಣದ್ದಲ್ಲ. ಮಧುಶ್ರೀಗೆ ವಿವರ ಹೇಳಿದೆ, ಯಾರೆಂದು ಹೇಳಲಿಲ್ಲ. ಈ ವಾರವೇ ಕರೆದುಕೊಂಡು ಹೋಗಿ, ಒಂದು ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ, ಏನೂ ಇಲ್ಲದಿದ್ದರೂ ಇರಬಹುದು, ಇದ್ದರೆ ಈಗಲೇ ಗೊತ್ತಾಗಬೇಕು ಎಂದಳು. ಎಲೆ, ಹೊಗೆಸೊಪ್ಪು ಇವತ್ತಿಗೇ ಬಿಡಿ. ಕಾಯಿಯನ್ನು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟರೆ ಕೊಬ್ಬರಿಯಾಗುತ್ತದೆ, ಬಾಯಲ್ಲಿರುವ ಹುಣ್ಣು ಹಾಗಲ್ಲ. ನಿಮ್ಮ ಕಾರ್ಡಿಗೆ ಸರ್ಕಾರದಿಂದ ಹೆಚ್ಚು ಬರುವುದಿಲ್ಲ. ಅಟ್ಟದ ಮೇಲಿರುವುದನ್ನು ಇವತ್ತಿನ ರೇಟಿಗೇ ಕೊಟ್ಟುಬಿಡಿ. ನಿಮ್ಮ ಬಳಿ ಮಾರುವುದಕ್ಕೆ ಅದಾದರೂ ಇದೆ.

ನಾನು ಮನೆಗೆ ವಾಪಸ್ಸು ಬರುತ್ತೇನೆ ಎಂದು ಇದರ ಅರ್ಥವಲ್ಲ. ಬರುವುದಿಲ್ಲ ಎಂದೂ ಅಲ್ಲ. ಅದನ್ನು ಈಗ ಯೋಚಿಸಲಾರೆ.

ನಾಳೆ ಬೆಳಿಗ್ಗೆ ಈ ಕಾಗದವನ್ನು ಪೋಸ್ಟಿಗೆ ಹಾಕಿ, ಅಲ್ಲಿಂದಲೇ ಆಟೋದಲ್ಲಿ ಹಟ್ಟಿಗೆ ಹೋಗುತ್ತೇನೆ. ಗೊಲ್ಲರಪ್ಪ ಕುರಿ ಬಿಡುವ ಮುಂಚೆ ಸಿಕ್ಕರೆ, ಸೆಪ್ಟೆಂಬರಿನ ಆ ಫೋನಿನ ವಿಚಾರವನ್ನು ಹೇಳುತ್ತೇನೆ. ಬೈದರೆ ಬೈಯಲಿ. ಒಂದೂವರೆ ವರ್ಷ ಅವನೊಬ್ಬನೇ ಹೊತ್ತಿದ್ದಾನೆ. ನಿಮಗೆ ಬರೆದ ಮೇಲೆ ಅವನಿಗೆ ಹೇಳುವ ಧೈರ್ಯ ಬರಬಹುದೆಂದು ಮೊದಲು ಇದನ್ನು ಬರೆದೆ.

ಗಂಜಿಗೆ ಉಪ್ಪು ಕಮ್ಮಿ ಹಾಕಿಕೊಳ್ಳಿ, ಉರಿ ಕಮ್ಮಿಯಾಗುತ್ತದೆ. ಮಜ್ಜಿಗೆ ಬೆರೆಸಿ.

ಇಂತಿ,
ಶಿವರುದ್ರಮ್ಮ

ಬರೆಯದೆ ಉಳಿಸಿಕೊಂಡಿದ್ದ ಮಾತು: ಇಪ್ಪತ್ತೆರಡನೇ ತಾರೀಕು ಮಂಗಳವಾರಕ್ಕೆ ಇಂಪನಾ ದೊಡ್ಡಾಸ್ಪತ್ರೆಯಲ್ಲಿ ನಿಮ್ಮ ಹೆಸರು ಬರೆಸಿದ್ದಾಳೆ. ಅವಳಿಗೆ ತಿಳಿಯದಂತೆ ನಾನೇ ಫೋನ್ ಮಾಡಿ ನನ್ನ ಹೆಸರನ್ನೂ ಅದೇ ದಿನಕ್ಕೆ ಬರೆಸಿದ್ದೇನೆ. ಮೂರು ತಿಂಗಳಿಗೊಮ್ಮೆ ಹೋಗಬೇಕಾದ ತಪಾಸಣೆಗೆ ನಾನು ಹೋಗಿ ಹನ್ನೊಂದು ತಿಂಗಳಾಯಿತು. ಮನೆಯಲ್ಲಿ ಹೋಗಿಬಂದೆ ಎಂದು ಹೇಳುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ಸಂಜೆಯವರೆಗೆ ಕೂತು ವಾಪಸ್ಸು ಬರುತ್ತೇನೆ. ಯುಗಾದಿಯಿಂದ ಎಡ ಕಂಕುಳಲ್ಲಿ ಹುಣಸೆ ಬೀಜದಷ್ಟು ಏನೋ ಕೈಗೆ ಸಿಗುತ್ತಿದೆ. ಆ ಬೆಂಚಿನ ಮೇಲೆ ಒಬ್ಬಳೇ ಕೂರಲು ನನ್ನಿಂದ ಆಗುತ್ತಿಲ್ಲ. ಅವತ್ತು ಬೆಳಿಗ್ಗೆ ಏಳಕ್ಕೆ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಬನ್ನಿ.